ಹಸಿದ ಬೋರ್ಡು

"ಫ್ಯಾನ್ ಹಾಕೋ ಹಾಗಿಲ್ಲ," ಎಂದರು ಪರೀಕ್ಷಕರು, ನನ್ನ ಕೈ ಸ್ವಿಚ್ಚಿನ ಕಡೆ ಹೋಗಿದ್ದನ್ನು ಕಂಡು. "ಗಾಳಿ ಬಿದ್ರೆ ಸರ್ಕ್ಯೂಟ್ ಬೋರ್ಡು ತಣ್ಣಗಾಗುತ್ತೆ. ಬಿಸಿ ಎಷ್ಟು ಅಂತ ಸರಿಯಾಗಿ ಗೊತ್ತಾಗಲ್ಲ."

"ನಾವು ಬೆಂದು ಹೋದ್ರೆ?"

"ನಿಮ್ಮನ್ನ ಪರೀಕ್ಷೆ ಮಾಡ್ತಾ ಇಲ್ಲವಲ್ಲಮ್ಮ."

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಕಿಟಕಿ ಮುಚ್ಚಿತ್ತು. ಬಾಗಿಲಿಗೆ ಹೊರಗಿನಿಂದ ಬೀಗ ಬಿದ್ದಿತ್ತು. ಸಾಕ್ಷಿಯ ವಸ್ತುವಿನ ಅರಗಿನ ಮುದ್ರೆ ಒಮ್ಮೆ ಒಡೆದರೆ, ಮತ್ತೆ ಮುದ್ರೆ ಬೀಳುವವರೆಗೆ ಒಳಗಿದ್ದವರು ಯಾರೂ ಹೊರಗೆ ಹೋಗಬಾರದಂತೆ. ಯಾವ ಪುಣ್ಯಾತ್ಮ ಮಾಡಿದ ನಿಯಮವೋ, ಅವನನ್ನು ಒಂದು ಮಧ್ಯಾಹ್ನ ಇಲ್ಲಿ ಕೂರಿಸಬೇಕು.

ಒಂದು ಗೋದಾಮಿನ ಕೋಲ್ಡ್ ರೂಮಿನಲ್ಲಿ ಅಲ್ಲಿನ ಕಾವಲುಗಾರ ಸಿಕ್ಕಿಹಾಕಿಕೊಂಡ ಸಂಜೆ ಕರೆಂಟು ಹೋಗಿ, ಅಂಥ ಹೊತ್ತಿನಲ್ಲಿ ಬ್ಯಾಟರಿಯಿಂದ ಬಾಗಿಲಿನ ಚಿಲಕ ತೆಗೆಯಬೇಕಾಗಿದ್ದ ಬೋರ್ಡು ಸುಟ್ಟುಹೋಗಿತ್ತು. ಆ ಬೋರ್ಡು ಮಾಡಿದವರು ನನ್ನ ಅತ್ತಿಗೆ. ಬೆಳಿಗ್ಗೆ ಬಾಗಿಲು ಒಡೆದು ಹೊರಗೆ ತಂದಾಗ ಆತನಿಗೆ ಎಚ್ಚರವಿರಲಿಲ್ಲ. ಇನ್ನೂ ಬಂದಿರಲಿಲ್ಲ.

ನಾನು ಖಾಸಗಿ ಪತ್ತೇದಾರಿಣಿ. ಕಂಡವರ ಮನೆಯ ಗುಟ್ಟಿಗೆ ಮೂಗು ತೂರಿಸಿಯೇ ಹೊಟ್ಟೆ ಹೊರೆದುಕೊಂಡವಳು. ಈಗ ನಮ್ಮ ಮನೆಯದೇ ಬಂದಿತ್ತು. ಆರೋಪಿಯ ಕಡೆಯಿಂದ ಒಬ್ಬರು ಪರೀಕ್ಷೆ ನೋಡಬಹುದು ಎಂದಾಗ, ಬೇರೆ ಯಾರನ್ನೋ ಕಳಿಸಲು ಮನಸ್ಸು ಬರಲಿಲ್ಲ.

ಮೇಜಿನ ಒಂದು ಕಡೆ ಪರೀಕ್ಷಕರು. ಅವರ ಹಿಂದೆ, ಬಾಗಿಲಿಗೆ ಒರಗಿ, ಟೋಪಿಯಿಂದ ಗಾಳಿ ಬೀಸಿಕೊಳ್ಳುತ್ತಿದ್ದ ಇನ್ಸ್‌ಪೆಕ್ಟರಮ್ಮ. ಈ ಕಡೆ ನಾನು. ಮೂಲೆಯ ಸ್ಟೂಲಿನ ಮೇಲೆ ಅತ್ತಿಗೆ, ಎರಡೂ ಕೈ ತೊಡೆಯ ಕೆಳಗೆ ಸೇರಿಸಿಕೊಂಡು, ನೆಲ ನೋಡುತ್ತಾ.

ಗೋದಾಮಿನಲ್ಲಿ ಸುಟ್ಟ ಬೋರ್ಡು ಕರಕಲಾಗಿ ಪ್ಲಾಸ್ಟಿಕ್ ಚೀಲದೊಳಗಿತ್ತು. ಅದರ ಜೊತೆಗೇ ತಯಾರಾಗಿದ್ದ ಅದರ ಒಡಹುಟ್ಟಿದವುಗಳನ್ನು ಅತ್ತಿಗೆಯ ವರ್ಕ್‌ಶಾಪಿನಿಂದ ಹಿಡಿದು ತಂದಿದ್ದರು. ನಿನ್ನೆ ಪರೀಕ್ಷಕರು ಒಂದಕ್ಕೆ ಕರೆಂಟು ಕೊಟ್ಟರು, ಅದು ಸುಟ್ಟಿತು. ಇವತ್ತು ಬೆಳಿಗ್ಗೆ ಇನ್ನೊಂದಕ್ಕೆ ಕೊಟ್ಟರು, ಅದೂ ಸುಟ್ಟಿತು. ಈಗ ಮೇಜಿನ ಮೇಲಿರುವುದೇ ಕೊನೆಯದು. ಇದೂ ಸುಟ್ಟರೆ "ಬೋರ್ಡಿನ ದೋಷ" ಎಂದು ವರದಿ ಹೋಗುತ್ತದೆ, ಅತ್ತಿಗೆ ಇಲ್ಲಿಂದ ಸೀದಾ ಜೈಲಿಗೆ ಹೋಗುತ್ತಾರೆ.

"ಶುರು ಮಾಡ್ತೀನಿ," ಎಂದರು ಪರೀಕ್ಷಕರು. ಆಮೇಲೆ ಮೂಲೆಯ ಕಡೆ ತಿರುಗಿ, ತೀರಾ ಮೆಲ್ಲಗೆ, "ಮೇಡಂ, ಶುರು ಮಾಡ್ಲಾ?"

ಒಂದು ಕಾಲಕ್ಕೆ ಇವರಿಗೆ ಪಾಠ ಹೇಳಿಕೊಟ್ಟವರು ಅತ್ತಿಗೆ. ಪಾಪ, ಗುರುವನ್ನು ಒಳಗೆ ಕಳಿಸುವ ವರದಿ ಶಿಷ್ಯನ ಪಾಲಿಗೆ ಬಂದಿತ್ತು. ಅತ್ತಿಗೆ ತಲೆಯಾಡಿಸಿದರು, ಅಷ್ಟೆ.

ಸ್ವಿಚ್ ಒತ್ತಿದರು. ಬೋರ್ಡಿನ ಇನ್ನೊಂದು ತುದಿಗೆ ಕೋಲ್ಡ್ ರೂಮಿನದೇ ಚಿಲಕ ಕಟ್ಟಿದ್ದರು. ಅದು ಟಕ್ ಎಂದು ತೆರೆದುಕೊಳ್ಳಬೇಕು. ತೆರೆದುಕೊಳ್ಳಲಿಲ್ಲ. ಸೊಳ್ಳೆಯ ಹಾಗೆ ಒಂದು ಸಣ್ಣ ಸದ್ದು ಹೊರಟಿತು.

"ನಲವತ್ತು ಡಿಗ್ರಿ," ಎಂದರು ಪರೀಕ್ಷಕರು ಥರ್ಮಾಮೀಟರ್ ನೋಡಿ. "ಐವತ್ತು."

"ಇದು ಏನು ಮಾಡುತ್ತೆ ಅಂತ ನನಗೊಂದ್ಸಲ ಬಿಡಿಸಿ ಹೇಳ್ರಿ," ಎಂದರು ಇನ್ಸ್‌ಪೆಕ್ಟರಮ್ಮ.

"ಬ್ಯಾಟರಿಯಿಂದ ಹನ್ನೆರಡು ವೋಲ್ಟ್ ತಗೊಂಡು ಇಪ್ಪತ್ನಾಲ್ಕು ಮಾಡಿ ಚಿಲಕಕ್ಕೆ ಕೊಡುತ್ತೆ ಮೇಡಂ. ಒಳಗೊಂದು ಸ್ವಿಚ್ಚಿದೆ. ನಿಮ್ಮ ಕಣ್ಣಿಗೆ ಕಾಣದಷ್ಟು ಜೋರಾಗಿ ತೆರೆದು ಮುಚ್ಚಿ ಮಾಡ್ತಾ ಇರುತ್ತೆ. ಬಿಸಿಯಾಗ್ತಿರೋದು ಅದೇ. ಅರವತ್ತೈದು."

ನನಗೆ ಈ ವಿದ್ಯೆಯ ಗಂಧ ಗಾಳಿ ಇಲ್ಲ. ಅತ್ತಿಗೆ ಊಟದ ಹೊತ್ತಿನಲ್ಲಿ ಹೇಳುತ್ತಿದ್ದುದು ಒಂದು ಕಿವಿಯಲ್ಲಿ ಬಂದು ಇನ್ನೊಂದರಲ್ಲಿ ಹೋಗಿದೆ. ಹಾಗಾಗಿ ನಾನು ಬೋರ್ಡನ್ನು ನೋಡಲಿಲ್ಲ. ನನಗೆ ಬರುವ ಕೆಲಸವೆಂದರೆ ಮನುಷ್ಯರ ಮುಖ ನೋಡುವುದು. ಅತ್ತಿಗೆಯ ಮುಖ ನೋಡಿದೆ.

ಈ ಹೆಂಗಸು ಯಾರು ಗೊತ್ತೇ? ನೆಂಟರ ಮನೆಗೆ ಊಟಕ್ಕೆ ಹೋದರೂ ಪ್ಲಗ್ ಸಡಿಲವಿದ್ದರೆ ಎದ್ದು ಹೋಗಿ ಸರಿಮಾಡುವವರು. ನಾನು ಫೋನು ಚಾರ್ಜಿಗೆ ಹಾಕುವ ರೀತಿ ನೋಡಿಯೇ ಬೈಯುವವರು. ತಪ್ಪು ಕಂಡರೆ ಬಾಯಿ ಮುಚ್ಚಿ ಕೂರುವುದು ಅವರ ಜಾಯಮಾನದಲ್ಲೇ ಇಲ್ಲ. ಅಂಥವರು ತಮ್ಮ ಕೈಯಿಂದಾದ ಬೋರ್ಡು ಕಣ್ಣೆದುರೇ ಸಾಯುತ್ತಿದ್ದರೂ ತುಟಿ ಪಿಟಕ್ಕೆನ್ನದೆ ಕೂತಿದ್ದರು. ಯಾಕೆ ಹೀಗಾಗುತ್ತಿದೆ ಎಂದು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಪ್ರಶ್ನೆ ಕೇಳದವರಿಗೆ ಉತ್ತರ ಗೊತ್ತಿರುತ್ತದೆ ಎಂದು ನನಗೆ ಅನ್ನಿಸಿತು.

ಅತ್ತಿಗೆಯ ಕಣ್ಣು ಒಮ್ಮೆ ಮೇಲೆದ್ದು, ಮೇಜಿನ ಮೇಲಿದ್ದ ಪವರ್ ಸಪ್ಲೈ ಪೆಟ್ಟಿಗೆಯನ್ನು ಸವರಿ, ಥಟ್ಟನೆ ಕೆಳಗಿಳಿಯಿತು. ನಾನೂ ಅದೇ ಪೆಟ್ಟಿಗೆಯನ್ನು ನೋಡಿದೆ. ಎರಡು ತಿರುಪುಗಳು, ಅಂಕಿ ತೋರಿಸುವ ಪುಟ್ಟ ಗಾಜು, ಅದರ ಪಕ್ಕ ಒಂದು ಕೆಂಪು ದೀಪ. ದೀಪ ಉರಿಯುತ್ತಿತ್ತು.

"ಸಾರ್, ನೀವು ಕೊಟ್ಟಿದ್ದು ಹನ್ನೆರಡು ವೋಲ್ಟ್ ಅಲ್ವಾ? ಇಲ್ಲಿ ಆರು ಅಂತ ತೋರಿಸ್ತಿದೆಯಲ್ಲ?"

"ಬೋರ್ಡು ಎಳೆದು ಬೀಳಿಸಿದೆ. ಅದೇ ಅದರ ದೋಷ."

"ಈ ಕೆಂಪು ದೀಪ?"

"ಕರೆಂಟಿಗೆ ನಾನೊಂದು ಮಿತಿ ಹಾಕಿದ್ದೀನಿ. ಆ ಮಿತಿ ಮುಟ್ಟಿದೆ ಅಂತ ಅರ್ಥ. ಹೊಸ ಬೋರ್ಡಿಗೆ ಮೊದಲ ಸಲ ಕೊಡುವಾಗ ಕರೆಂಟು ಬಿಗಿ ಹಿಡಿದೇ ಕೊಡಬೇಕು. ಎಲ್ಲಾದ್ರೂ ಶಾರ್ಟ್ ಆಗಿದ್ರೆ ಬೆಂಕಿ ಬೀಳಬಾರದು ನೋಡಿ." ಅವರು ಮೂಲೆಯ ಕಡೆ ನೋಡಿ ನಾಚಿಕೊಂಡವರಂತೆ ನಕ್ಕರು. "ಇದು ಮೇಡಂ ಹೇಳಿಕೊಟ್ಟ ಮೊದಲ ಪಾಠ. ಮರೆತವರನ್ನ ಕ್ಲಾಸಿಂದ ಆಚೆ ಕಳಿಸ್ತಿದ್ರು."

"ಆಮೇಲೆ ಆ ಮಿತಿ ತೆಗೀತೀರೋ ಇಲ್ವೋ?"

"ಬೋರ್ಡು ತಣ್ಣಗೆ ಓಡ್ತಾ ಇದೆ ಅಂತ ಖಾತ್ರಿ ಆದ್ಮೇಲೆ ನಿಧಾನಕ್ಕೆ ಏರಿಸ್ತೀವಿ. ಇದು ಶುರುವಿನಲ್ಲೇ ಬಿಸಿಯೇರಿ ಕಾಯ್ತಿದೆ. ಕಾಯ್ತಿರೋದಕ್ಕೆ ಇನ್ನಷ್ಟು ಕರೆಂಟು ಕೊಡೋಕೆ ನನಗೇನು ಹುಚ್ಚಾ? ಎಂಬತ್ತು."

ಒಮ್ಮೆಲೇ ಸುಟ್ಟ ವಾಸನೆ ಮೂಗಿಗೆ ಬಡಿಯಿತು.

"ಆರಿಸಿ!" ಎಂದು ಕಿರುಚಿದೆ.

ಅವರು ಗಾಬರಿಯಿಂದ ಆರಿಸಿದರು. ಇನ್ಸ್‌ಪೆಕ್ಟರಮ್ಮ ಟೋಪಿ ಬೀಸುವುದನ್ನು ನಿಲ್ಲಿಸಿದರು.

"ನಮ್ಮನೆ ನೀರಿನ ಪಂಪು ಹೀಗೇ ಸುಟ್ಟಿದ್ದು," ಎಂದೆ. ನನಗೇ ನನ್ನ ಧೈರ್ಯ ಕಂಡು ಆಶ್ಚರ್ಯ. "ವೋಲ್ಟೇಜ್ ಇಳಿದುಹೋಗಿತ್ತು. ಪಂಪು ಗುಂಯ್ ಅಂತ ನರಳ್ತಾ ಇತ್ತು, ನೀರು ಮಾತ್ರ ಬರ್ಲಿಲ್ಲ. ಕರೆಂಟು ಕಮ್ಮಿ ಇದೆ, ಏನೂ ಆಗಲ್ಲ ಬಿಡು ಅಂದ್ಕೊಂಡು ಹಾಗೇ ಬಿಟ್ಟೆ. ಹೊಗೆ ಬಂತು. ಸಾರ್, ಈ ಬೋರ್ಡಿಗೂ ಹೊಟ್ಟೆಗೆ ಸಾಲದೇ ಹೀಗಾಗ್ತಿರಬಹುದಾ?"

ಪರೀಕ್ಷಕರ ಕಣ್ಣು ಬೋರ್ಡಿನಿಂದ ಪೆಟ್ಟಿಗೆಗೆ, ಪೆಟ್ಟಿಗೆಯಿಂದ ಬೋರ್ಡಿಗೆ ಓಡಾಡಿತು.

"ಹೊರಗೆ ಇಪ್ಪತ್ನಾಲ್ಕು ಕೊಡಲೇಬೇಕು," ಎಂದು ತಮ್ಮಷ್ಟಕ್ಕೆ ಗೊಣಗಿದರು. "ಒಳಗೆ ವೋಲ್ಟೇಜ್ ಇಳಿದ ಹಾಗೆ ಇನ್ನೂ ಹೆಚ್ಚು ಕರೆಂಟು ಕೇಳುತ್ತೆ. ನಾನು ಕೊಡಲ್ಲ ಅಂತೀನಿ. ಇನ್ನೂ ಇಳಿಯುತ್ತೆ. ಆಗ ಸ್ವಿಚ್ಚನ್ನ ಪೂರ್ತಿ ತೆರೆಯೋಕೂ ಶಕ್ತಿ ಇರಲ್ಲ. ಅದು ಅರ್ಧಂಬರ್ಧ ತೆರ್ಕೊಂಡು ನಿಲ್ಲುತ್ತೆ. ಅರ್ಧ ತೆರೆದಿದ್ರೆ ಕರೆಂಟೆಲ್ಲ ಅಲ್ಲೇ ಬಿಸಿಯಾಗಿ ಸುಡುತ್ತೆ..." ಅವರು ಹಣೆಯ ಮೇಲೆ ಕೈಯಿಟ್ಟುಕೊಂಡರು. "ಅಯ್ಯೋ ದೇವರೇ. ಎರಡು ಬೋರ್ಡನ್ನ ನಾನೇ ಕೊಂದೆನಲ್ಲ!"

"ಕನ್ನಡದಲ್ಲಿ ಹೇಳ್ರೀ," ಎಂದರು ಇನ್ಸ್‌ಪೆಕ್ಟರಮ್ಮ.

"ಅರೆಹೊಟ್ಟೆ ಊಟ ಹಾಕಿ ಇಡೀ ದಿನ ಮೂಟೆ ಹೊರಿಸಿದ್ದೀನಿ ಮೇಡಂ. ಬೀಳದೆ ಇನ್ನೇನು ಮಾಡುತ್ತೆ!"

ಅವರು ಕರೆಂಟಿನ ತಿರುಪಿಗೆ ಕೈ ಹಾಕಿದರು.

"ಬೇಡ."

ಅತ್ತಿಗೆ ಎದ್ದು ನಿಂತಿದ್ದರು. ಇವತ್ತು ಬೆಳಿಗ್ಗೆಯಿಂದ ಅವರಾಡಿದ ಮೊದಲ ಮಾತು ಅದು.

"ಯಾಕೆ ಬೇಡ ಮೇಡಂ? ನೀವು ಬಚಾವಾಗ್ತೀರಿ!"

"ಕೊನೇ ಬೋರ್ಡು ಅದು. ಅದೂ ಹೋದ್ರೆ ನಿಮಗೆ ಕೆಟ್ಟ ಹೆಸರು ಬರುತ್ತೆ. ಬಿಟ್ಟುಬಿಡಿ."

ಸುಳ್ಳು. ಹಸಿ ಸುಳ್ಳು. ನನ್ನ ಅತ್ತಿಗೆಗೆ ಸುಳ್ಳು ಹೇಳಲು ಬರುವುದಿಲ್ಲ, ಕಿವಿ ಕೆಂಪಾಗುತ್ತದೆ. ಈಗಲೂ ಆಗಿತ್ತು.

"ಏರಿಸಿ ಸಾರ್," ಎಂದೆ.

ಏರಿಸಿದರು. ಸ್ವಿಚ್ ಒತ್ತಿದರು.

ಟಕ್! ಚಿಲಕ ತೆರೆದುಕೊಂಡಿತು. ಕೆಂಪು ದೀಪ ಹತ್ತಲಿಲ್ಲ. ಗಾಜಿನಲ್ಲಿ ಹನ್ನೆರಡು ಸ್ಥಿರವಾಗಿ ನಿಂತಿತು. ಆಗಲೇ ಎಂಬತ್ತಕ್ಕೆ ಏರಿದ್ದ ಬಿಸಿ, ಕರೆಂಟು ಹರಿಯುತ್ತಿದ್ದಾಗಲೇ, ಮೆಲ್ಲಗೆ ಇಳಿಯತೊಡಗಿತು. ಎಪ್ಪತ್ತು. ಅರವತ್ತು. ನಾನು ಖುಷಿಯಿಂದ ಕುಣಿಯುವುದೊಂದು ಬಾಕಿ. ಪರೀಕ್ಷಕರ ಕಣ್ಣಲ್ಲಿ ನೀರು. ಹೋಗಿ ಅತ್ತಿಗೆಯನ್ನು ತಬ್ಬಿಕೊಂಡೆ.

ಕಂಬ ತಬ್ಬಿಕೊಂಡಂತಾಯಿತು. ಅವರ ಕೈ ಮೇಲೇಳಲೇ ಇಲ್ಲ.

"ಸಂತೋಷ," ಎಂದರು ಇನ್ಸ್‌ಪೆಕ್ಟರಮ್ಮ ಬಾಗಿಲು ಬಿಟ್ಟು ಮುಂದೆ ಬಂದು. "ಅಂದ್ರೆ ಬೋರ್ಡು ಸರಿಯಿದೆ. ಹಾಗಿದ್ರೆ ಗೋದಾಮಿನಲ್ಲಿ ಅದಕ್ಕೆ ಊಟ ಕಮ್ಮಿ ಮಾಡಿದ್ದು ಯಾರು? ಅಲ್ಲಿ ನಿಮ್ಮ ಈ ಪೆಟ್ಟಿಗೆ ಇರಲಿಲ್ಲವಲ್ಲ."

ಪರೀಕ್ಷಕರು ತಲೆ ಕೆರೆದುಕೊಂಡರು. "ಬ್ಯಾಟರಿ ಸತ್ತಿರಬೇಕು."

"ಬ್ಯಾಟರಿ ಚೆನ್ನಾಗಿದೆ. ನೀವೇ ಬರೆದುಕೊಟ್ಟಿದ್ದೀರಿ."

"ಹಾಗಾದ್ರೆ ಬ್ಯಾಟರಿಗೂ ಬೋರ್ಡಿಗೂ ನಡುವೆ ಏನೋ ಇರಬೇಕು. ಕರೆಂಟು ಬಿಗಿ ಹಿಡಿಯೋ ಅಂಥದ್ದು."

ಇನ್ಸ್‌ಪೆಕ್ಟರಮ್ಮ ಫೋನು ತೆಗೆದು ಒಂದು ಫೋಟೋ ಹುಡುಕಿ ಮೇಜಿನ ಮೇಲಿಟ್ಟರು. ಕೋಲ್ಡ್ ರೂಮಿನ ಹೊರಗೋಡೆ. ಬ್ಯಾಟರಿಯಿಂದ ಹೊರಟ ವೈರು ಬೋರ್ಡಿಗೆ ಸೇರುವ ಮೊದಲು ಬೆಂಕಿಪೊಟ್ಟಣದಷ್ಟು ದೊಡ್ಡ ಬೂದು ಡಬ್ಬಿಯೊಂದನ್ನು ಹೊಕ್ಕು ಬಂದಿತ್ತು.

"ಇದು ಏನು ಅಂತ ಅವತ್ತು ಯಾರಿಗೂ ಗೊತ್ತಾಗಲಿಲ್ಲ. ಫ್ಯೂಸ್ ಇರಬಹುದು ಅಂತ ಬಿಟ್ವಿ."

"ಇದೇ!" ಎಂದರು ಪರೀಕ್ಷಕರು. "ಕರೆಂಟಿಗೆ ಮಿತಿ ಹಾಕೋ ಡಬ್ಬಿ. ಬೆಂಚಿನ ಮೇಲೆ ಬಳಸ್ತೀವಿ. ಗೋಡೆ ಮೇಲೆ ಯಾರು ಹಾಕ್ತಾರೆ ಇದನ್ನ?"

ನಾನು ಡಬ್ಬಿಯನ್ನು ನೋಡುತ್ತಿರಲಿಲ್ಲ. ವೈರಿನ ಗಂಟಿಗೆ ಸುತ್ತಿದ್ದ ಕಪ್ಪು ಟೇಪು ನೋಡುತ್ತಿದ್ದೆ. ಟೇಪಿನ ತುದಿಯನ್ನು ಒಳಕ್ಕೆ ಮಡಚಿ, ಮುಂದೆ ಬಿಚ್ಚುವವರ ಉಗುರಿಗೆ ಸಿಗಲೆಂದು, ಇಲಿಯ ಕಿವಿಯಷ್ಟು ಚೂರು ಹೊರಗೆ ಬಿಟ್ಟಿತ್ತು. ನಮ್ಮ ಮನೆಯ ಇಸ್ತ್ರಿಪೆಟ್ಟಿಗೆಯ ವೈರಿಗೂ ಅದೇ ಕಿವಿ. ಅಮ್ಮನ ಮಂಚದ ದೀಪಕ್ಕೂ ಅದೇ ಕಿವಿ, ಎರಡೂ ಅಣ್ಣ ಸುತ್ತಿದ್ದು. ಅತ್ತಿಗೆ ಬೋರ್ಡು ಮಾಡುತ್ತಾರೆ; ಅದನ್ನು ಗೋಡೆಗೆ ಕೂರಿಸಿ ವೈರು ಎಳೆಯುವುದು ಅಣ್ಣ.

ಫೋಟೋದಿಂದ ಕಣ್ಣು ಕಿತ್ತು ಅತ್ತಿಗೆಯ ಕಡೆ ತಿರುಗಿದೆ.

ಅಷ್ಟರಲ್ಲಿ ಇನ್ಸ್‌ಪೆಕ್ಟರಮ್ಮ ಪರೀಕ್ಷಕರನ್ನು ಕರೆದುಕೊಂಡು ಟ್ಯೂಬ್‌ಲೈಟಿನ ಕೆಳಗೆ ಹೋಗಿ ಫೋಟೋ ದೊಡ್ಡದು ಮಾಡಿ ನೋಡತೊಡಗಿದ್ದರು. ಅತ್ತಿಗೆ ನನ್ನ ಮೊಣಕೈ ಹಿಡಿದರು.

"ಬಾಯಿ ಬಿಡಬೇಡ ಕಣೇ."

"ನಿಮಗೆ ಮೊದಲೇ ಗೊತ್ತಿತ್ತು!"

"ಮೆಲ್ಲಗೆ. ಮೊದಲನೇ ಬೋರ್ಡು ಸುಟ್ಟಾಗಲೇ ಹೊಳೀತು. ಹೋದ ತಿಂಗಳು ಇನ್ನೊಂದು ಕಡೆ ಬ್ಯಾಟರಿ ವೈರು ಕಿಡಿ ಹಾರಿಸಿತ್ತು. ನಾನು ನಿಮ್ಮಣ್ಣನಿಗೆ ಬಾಯಿಗೆ ಬಂದ ಹಾಗೆ ಬೈದೆ. ಕರೆಂಟು ಬಿಗಿ ಹಿಡಿಯದೆ ಕೊಡ್ತೀರಲ್ಲ, ಬುದ್ಧಿ ಇದೆಯಾ ನಿಮಗೆ ಅಂತ. ಮಾತೇ ಆಡ್ಲಿಲ್ಲ ಪಾಪ. ನನ್ನ ಮಾತು ಕೇಳಿಯೇ ಈ ಡಬ್ಬಿ ಹಾಕಿರ್ತಾರೆ. ಬೆಂಚಿನ ಪಾಠಾನ ಗೋಡೆಗೆ ಹಾಕ್ಬಿಟ್ರು."

"ಗೊತ್ತಿಲ್ಲದೇ ಆದ ತಪ್ಪು. ಹೇಳಿಬಿಟ್ರೆ ಆಯ್ತಲ್ಲ!"

"ಆ ಕಾವಲುಗಾರ ಹೋಗ್ಬಿಟ್ರೆ? ನಿಮ್ಮಣ್ಣನ ಗುಂಡಿಗೆ ನಿನಗೆ ಗೊತ್ತಲ್ಲ. ಜೈಲಲ್ಲಿ ಒಂದು ವಾರ ಬದುಕಲ್ಲ ಅವರು. ಕಲಿಸಿದವಳು ನಾನು, ನಾನೇ ಹೋಗ್ತೀನಿ."

"ತಲೆ ಕೆಟ್ಟಿದೆಯಾ ನಿಮಗೆ?"

"ಹೂಂ, ಕೆಟ್ಟಿದೆ. ನಿನಗೆ ಕೈ ಮುಗೀತೀನಿ."

ನಮ್ಮ ಮನೆಗೆ ಬಂದ ಹದಿನೈದು ವರ್ಷದಲ್ಲಿ ಈಕೆ ನನ್ನ ಬಳಿ ಏನನ್ನೂ ಬೇಡಿದವರಲ್ಲ. ನನಗೆ ಸಿಟ್ಟು ಬಂತು, ಅಳು ಬಂತು. ಅಣ್ಣನ ಮೇಲೆ ಪ್ರೀತಿಯೂ ಉಕ್ಕಿತು. ಅಷ್ಟು ಸಾಧು ಪ್ರಾಣಿ ಅವನು. ಚಿಕ್ಕಂದಿನಲ್ಲಿ ನಾನು ಒಡೆದ ಲೋಟಕ್ಕೆ ತಾನು ಏಟು ತಿಂದವನು.

"ವೈರಿಂಗ್ ಮಾಡಿದ್ದು ನಿಮ್ಮ ಯಜಮಾನರು ಅಂತ ಕೇಳಿದ್ದೆ," ಎಂದರು ಇನ್ಸ್‌ಪೆಕ್ಟರಮ್ಮ ಹಿಂದಿರುಗಿ ಬಂದು.

"ಅವರು ಗೋಡೆ ಕೊರೆದ್ರು, ಅಷ್ಟೆ," ಎಂದರು ಅತ್ತಿಗೆ. ದನಿ ಒಂಚೂರೂ ನಡುಗಲಿಲ್ಲ. "ವೈರು ಸೇರಿಸಿದ್ದು ನಾನು. ಡಬ್ಬಿ ಹಾಕಿದ್ದೂ ನಾನೇ. ಜೋಪಾನಕ್ಕೆ ಅಂತ ಹಾಕಿದೆ. ತಪ್ಪಾಯ್ತು."

"ಇಷ್ಟು ಹೊತ್ತು ಯಾಕೆ ಹೇಳಲಿಲ್ಲ?"

"ಹೆದರಿಕೆ ಆಯ್ತು."

"ಬರೆದುಕೊಡ್ತೀರಾ?"

"ಕೊಡ್ತೀನಿ."

ಪರೀಕ್ಷಕರು ಪೆನ್ನು ಕೊಡಲು ಹಿಂದೆ ಮುಂದೆ ನೋಡಿದರು. ಅತ್ತಿಗೆ ಕೈಯಿಂದ ಕಿತ್ತುಕೊಂಡಂತೆ ತೆಗೆದುಕೊಂಡು ನಾಲ್ಕು ಸಾಲು ಬರೆದು ಸಹಿ ಹಾಕಿದರು. ನಾನು ನೋಡುತ್ತಾ ನಿಂತೆ. ಪತ್ತೇದಾರಿಕೆ ಮಾಡಿ ಮಾಡಿ, ಕೈಯಾರೆ ಅತ್ತಿಗೆಯನ್ನು ಬಿಡಿಸಿ, ಕೈಯಾರೆ ಮತ್ತೆ ಸಿಕ್ಕಿಸಿದ್ದೆ.

ಇನ್ಸ್‌ಪೆಕ್ಟರಮ್ಮನ ಫೋನು ಅದುರಿತು.

"ಹೇಳಿ... ಯಾವಾಗ?... ಮಾತಾಡಿದ್ನಾ? ... ನಿಧಾನಕ್ಕೆ ಹೇಳಿ ಡಾಕ್ಟ್ರೇ, ಅವನಂದಿದ್ದನ್ನೇ ಹೇಳಿ."

ಅವರು ಬಹಳ ಹೊತ್ತು ಕೇಳಿಸಿಕೊಂಡರು. ಫೋನು ಇಟ್ಟು ಟೋಪಿಯನ್ನು ತಲೆಗೆ ಹಾಕಿಕೊಂಡರು.

"ಕಾವಲುಗಾರನಿಗೆ ಎಚ್ಚರ ಆಗಿದೆ."

"ಅಬ್ಬಾ!" ಎಂದು ಅತ್ತಿಗೆ ಎದೆ ಹಿಡಿದುಕೊಂಡರು. ಅವರ ಮುಖ ಅರಳಿದ್ದನ್ನು ಅವತ್ತು ನಾನು ನೋಡಿದ್ದು ಆ ಒಂದು ಗಳಿಗೆ ಮಾತ್ರ.

"ಕೋಲ್ಡ್ ರೂಮಿನ ಬಾಗಿಲಿನಲ್ಲಿ ಅಂಗೈ ಅಗಲದ ಗಾಜು ಇದೆ," ಎಂದು ಇನ್ಸ್‌ಪೆಕ್ಟರಮ್ಮ ಮುಂದುವರಿಸಿದರು. "ಚಿಲಕ ತೆಗೀದೇ ಇದ್ದಾಗ ಅವನು ಗಾಜು ಬಡಿದನಂತೆ. ಆಚೆ ಒಬ್ಬರು ನಿಂತಿದ್ರಂತೆ. ನಿಮ್ಮ ವರ್ಕ್‌ಶಾಪಿನ ನೀಲಿ ಕೋಟು, ತಲೆಗೆ ಟೋಪಿ, ಮೂಗಿನವರೆಗೆ ಬಟ್ಟೆ. ಒಳಗಿಂದ ಅವನು ಕೈ ಮುಗಿದನಂತೆ. ಅವರು ನೋಡಿದ್ರಂತೆ. ಆಮೇಲೆ ಸುಮ್ಮನೆ ಹೊರಟುಹೋದ್ರಂತೆ."

ಬೋರ್ಡು ಇನ್ನೂ ಓಡುತ್ತಲೇ ಇತ್ತು. ಆರಿಸುವುದು ಯಾರಿಗೂ ನೆನಪಿರಲಿಲ್ಲ.

"ಇಷ್ಟು ಹೊತ್ತು ಇದು ಅಜಾಗರೂಕತೆಯ ಕೇಸು," ಎಂದರು ಇನ್ಸ್‌ಪೆಕ್ಟರಮ್ಮ. "ಈಗ ಕೊಲೆಯತ್ನ. ಡಬ್ಬಿ ಹಾಕಿದವರಿಗೆ ಬಾಗಿಲು ತೆರೆಯಲ್ಲ ಅಂತ ಗೊತ್ತಿತ್ತು. ಅದಕ್ಕೇ ನಿಂತು ನೋಡಿದ್ದಾರೆ. ಇನ್ನೊಂದ್ಸಲ ಕೇಳ್ತೀನಿ. ಯೋಚನೆ ಮಾಡಿ ಹೇಳಿ. ಡಬ್ಬಿ ಹಾಕಿದ್ದು ಯಾರು?"

ಅತ್ತಿಗೆ ಸ್ಟೂಲಿನ ಮೇಲೆ ಕುಸಿದರು. ತುಟಿ ಬಿಳಿಚಿಕೊಂಡಿತ್ತು. ಹೇಳಿಬಿಡಿ, ಹೇಳಿಬಿಡಿ ಎಂದು ನಾನು ಒಳಗೊಳಗೇ ಬೇಡಿಕೊಂಡೆ. ಗೊತ್ತಿಲ್ಲದೇ ಆದ ತಪ್ಪಾದರೆ ಮುಚ್ಚಬಹುದು, ಇದನ್ನು ಹೇಗೆ ಮುಚ್ಚುತ್ತೀರಿ?

ಅವರು ತಲೆ ಎತ್ತಿದರು.

"ನಾನೇ," ಎಂದರು. "ಗಾಜಿನಾಚೆ ನಿಂತಿದ್ದೂ ನಾನೇ."

"ಅತ್ತಿಗೆ!"

"ನೀನು ಸುಮ್ಮನಿರು."

"ಯಾಕೆ ಮಾಡಿದ್ರಿ?" ಎಂದರು ಇನ್ಸ್‌ಪೆಕ್ಟರಮ್ಮ.

"ಅದನ್ನ ನಾನು ಹೇಳಲ್ಲ."

ಅವರ ಕಿವಿ ಕೆಂಡದ ಹಾಗೆ ಕೆಂಪಾಗಿತ್ತು. ಅದು ನನಗೊಬ್ಬಳಿಗೇ ಅರ್ಥವಾಗುವ ಮಾತು. ಆದರೆ ಕಿವಿಯ ಅಗತ್ಯವೂ ನನಗಿರಲಿಲ್ಲ. ಆ ಸಂಜೆ ಅತ್ತಿಗೆ ಎಲ್ಲಿದ್ದರು ಎಂದು ಇದುವರೆಗೆ ಯಾರೂ ಕೇಳಿರಲಿಲ್ಲ. ಬೋರ್ಡಿನ ದೋಷದ ಕೇಸಿಗೆ ಅದು ಬೇಕಾಗಿರಲಿಲ್ಲ. ಅವತ್ತು ಅಮ್ಮನ ಕಣ್ಣಿನ ಆಪರೇಷನ್. ಮಧ್ಯಾಹ್ನದಿಂದ ಕತ್ತಲಾಗುವವರೆಗೆ ಅತ್ತಿಗೆ ಆಸ್ಪತ್ರೆಯಲ್ಲಿ ನನ್ನ ಪಕ್ಕದ ಕುರ್ಚಿಯಲ್ಲಿ, ನನ್ನ ಭುಜಕ್ಕೊರಗಿ ತೂಕಡಿಸುತ್ತಿದ್ದರು. ಬರುತ್ತೇನೆಂದು ಹೇಳಿ ಬಾರದೇ ಹೋದವನು ಅಣ್ಣ.

ಈಗ, ಈ ಹೊತ್ತಿಗೆ, ಮನೆಯಲ್ಲಿ ಅಮ್ಮನ ಕಣ್ಣಿಗೆ ಹನಿ ಹಾಕಲು ಕೂತಿರುವವನು ಅವನೊಬ್ಬನೇ.

ಬಾಯಿ ಬಿಟ್ಟರೆ ಒಡಹುಟ್ಟಿದವನು. ಮುಚ್ಚಿದರೆ ಈ ಹೆಂಗಸು. ಹೊರಗೆ ಓಡಿಹೋಗೋಣವೆಂದರೆ ಬಾಗಿಲಿಗೆ ಬೀಗ. ಅತ್ತಿಗೆ ನನ್ನನ್ನೇ ನೋಡುತ್ತಿದ್ದರು, ರೆಪ್ಪೆ ಬಡಿಯದೆ.

ಇನ್ಸ್‌ಪೆಕ್ಟರಮ್ಮ ನಿಧಾನವಾಗಿ ನನ್ನ ಕಡೆ ತಿರುಗಿದರು.

"ಆ ಸಂಜೆ ಇವರು ಎಲ್ಲಿದ್ರು ಅಂತ ನಿಮಗೆ ಗೊತ್ತಾ?"